ಅತ್ತೆಮ್ಮ ಕಂಡ ಉಬ್ಬು

ಆ ಪ್ರಯೋಗಾಲಯದಲ್ಲಿ ಯಂತ್ರಕ್ಕೂ ಅಡ್ಡಹೆಸರಿತ್ತು, ಯಂತ್ರದ ಯಜಮಾನರಿಗೂ ಇತ್ತು. ಯಂತ್ರವನ್ನು ಎಲ್ಲರೂ ಅತ್ತೆಮ್ಮ ಅನ್ನುತ್ತಿದ್ದರು. ಯಜಮಾನರನ್ನು, ಅವರು ಎದುರಿಗಿಲ್ಲದಾಗ, ಗ್ಲೌಸ್ ಮೇಷ್ಟ್ರು ಅನ್ನುತ್ತಿದ್ದರು. ಎರಡೂ ಹೆಸರಿಟ್ಟವನು ಪಂಪುಗಳ ಮೆಕ್ಯಾನಿಕ್ಕು. ಅವನಿಗೆ ಪಂಪಣ್ಣ ಅಂತ ಹೆಸರಿಟ್ಟವರು ಮೇಷ್ಟ್ರು. ಹದಿನೆಂಟು ವರ್ಷದ ಹಿಂದೆ ಇಬ್ಬರೂ ಸೇರಿ ಒಂದೊಂದೇ ಬೋಲ್ಟು ಬಿಗಿದು ಕಟ್ಟಿದ ಯಂತ್ರ ಅದು. ಆಗ ಹೆಸರಿಡುವುದಕ್ಕೆಲ್ಲ ಪುರುಸೊತ್ತಿತ್ತು.

ಅತ್ತೆಮ್ಮನ ಕೆಲಸ ಇಷ್ಟು. ಹೀಲಿಯಂ ಅನಿಲಕ್ಕೆ ವಿದ್ಯುತ್ತಿನ ಏಟು ಕೊಟ್ಟು ಅದರ ಪರಮಾಣುಗಳನ್ನು ಕೆರಳಿಸುತ್ತಾರೆ. ಹಾಗೆ ಕೆರಳಿದ ಪರಮಾಣು ತನ್ನಷ್ಟಕ್ಕೆ ತಾನು ತಣ್ಣಗಾಗುವುದು ಅಷ್ಟು ಸುಲಭವಲ್ಲ. ಹೊಟ್ಟೆಯಲ್ಲಿ ಗುಟ್ಟಿಟ್ಟುಕೊಂಡವರ ಹಾಗೆ ಅದನ್ನು ಹೊತ್ತುಕೊಂಡೇ ಹೋಗುತ್ತದೆ. ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಹಂಡೆಯೊಳಗೆ ಅಂಥ ಪರಮಾಣುಗಳನ್ನು ಸಣ್ಣ ತೂತಿನಿಂದ ಸಾಲಾಗಿ ಬಿಟ್ಟು, ಎದುರಿಗೆ ಉಗುರಗಲದ ಲೋಹದ ಚೂರೊಂದನ್ನು ಇಟ್ಟರೆ, ಮೈ ತಾಗಿದ ಮೊದಲ ಜಾಗದಲ್ಲೇ ಅವು ಇದ್ದದ್ದನ್ನೆಲ್ಲ ಕಕ್ಕಿಬಿಡುತ್ತವೆ. ಆ ಏಟಿಗೆ ಅಲ್ಲಿಂದ ಎಲೆಕ್ಟ್ರಾನುಗಳು ಹಾರಿ ಬರುತ್ತವೆ. ಅವುಗಳ ವೇಗ ಅಳೆದು, ಗೆರೆ ಬರೆದು, ಗೆರೆಯಲ್ಲಿ ಎಲ್ಲೆಲ್ಲಿ ಉಬ್ಬು ಎದ್ದಿದೆ ಅಂತ ನೋಡಿದರೆ ಲೋಹದ ಮೇಲೆ ಕೂತಿರುವವರು ಯಾರು ಅಂತ ಹೇಳಬಹುದು. ಎಕ್ಸ್-ರೇ ಆದರೆ ಒಳಗೆ ನುಗ್ಗಿ ಹಲವು ಪದರ ತಡಕಾಡಿಕೊಂಡು ಬರುತ್ತದೆ. ಈ ಹೀಲಿಯಂ ಹೊಸ್ತಿಲು ದಾಟುವುದಿಲ್ಲ, ಎಲ್ಲಕ್ಕಿಂತ ಮೇಲಿನ ಒಂದೇ ಪದರ ನೋಡುತ್ತದೆ. ಎಷ್ಟು ತಿಕ್ಕಿ ತೊಳೆದರೂ ಬೆರಳಲ್ಲಿ ಸವರಿ ಇದೇನಿದು ಕೊಳೆ ಅಂತ ಕೇಳುವವಳಿಗೆ ಅತ್ತೆ ಅನ್ನದೆ ಇನ್ನೇನನ್ನುವುದು ಅಂದಿದ್ದ ಪಂಪಣ್ಣ.

ಅತ್ತೆಮ್ಮನ ಹತ್ತಿರ ಬರಿಗೈಯಲ್ಲಿ ಸುಳಿದವರನ್ನು ಮೇಷ್ಟ್ರು ಬಿಟ್ಟವರಲ್ಲ. ಬಾಗಿಲಿಗೆ ಹದಿನೇಳು ನಿಯಮಗಳ ಹಾಳೆ ಅಂಟಿಸಿದ್ದರು, ಅದರಲ್ಲಿ ಒಂಬತ್ತು ಗ್ಲೌಸಿನ ಬಗ್ಗೆಯೇ. ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯೊಬ್ಬರು ಹಂಡೆಗೆ ಮೊಣಕೈ ಊರಿದ್ದಕ್ಕೆ ಅವರನ್ನೇ ಹೊರಗೆ ಕಳಿಸಿದ್ದರು. ಆ ಕತೆಯನ್ನು ಹೊಸಬರಿಗೆ ಹೇಳುವಾಗ ಮೇಷ್ಟ್ರ ಮುಖದಲ್ಲಿ ಒಂದು ಕಳೆ ಬರುತ್ತಿತ್ತು.

ಅಂಥ ಮೇಷ್ಟ್ರು ಒಂದು ಭಾನುವಾರ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಒಬ್ಬರೇ ಕೂತು, ತಮ್ಮ ಎರಡು ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟುಕೊಂಡು, ಯಾರದೋ ಕೈ ನೋಡುವ ಹಾಗೆ ನೋಡುತ್ತಿದ್ದರು.

ಆಗಿದ್ದು ಹೀಗೆ. ಮೊದಲೆಲ್ಲ ಯಂತ್ರಕ್ಕೆ ಚೂರು ಇಳಿಸುತ್ತಿದ್ದವರು ಮೇಷ್ಟ್ರೇ, ಈಚೆಗೆ ಒಂದೂವರೆ ವರ್ಷದಿಂದ ಅದು ಸಹಾಯಕಿಯ ಕೆಲಸ, ಆ ವಾರ ಅವಳು ರಜೆಯಲ್ಲಿದ್ದಳು. ಮೇಷ್ಟ್ರು ತಾವೇ ತಾಮ್ರದ ಚೂರನ್ನು ಹಿಡಿಕೆಗೆ ಸಿಕ್ಕಿಸಿ ಅತ್ತೆಮ್ಮನ ಹೊಟ್ಟೆಗೆ ಇಳಿಸಿದ್ದರು. ಗೆರೆಯಲ್ಲಿ ಉಬ್ಬು ಎದ್ದಿತು. ಎರಡು ವರ್ಷದ ಹಿಂದೆ ಹೀಗೇ ಚಳಿಗಾಲದಲ್ಲಿ ಎದ್ದು ಅವರ ಆರು ತಿಂಗಳ ಕೆಲಸವನ್ನು ಮಣ್ಣುಪಾಲು ಮಾಡಿದ ಉಬ್ಬೇ ಅದು. ಆಗ ಅದಕ್ಕೆ ಕಾರಣ ಪಂಪಿನ ಎಣ್ಣೆ ಅಂತ ತೀರ್ಮಾನವಾಗಿತ್ತು, ತೀರ್ಮಾನ ಕೊಟ್ಟವರು ಮೇಷ್ಟ್ರೇ. ಆದರೆ ಈಗ ಕೋಣೆಯಲ್ಲಿ ಎಣ್ಣೆಯ ಪಂಪೇ ಇಲ್ಲ. ಹಳೆಯದನ್ನು ತೆಗೆದು ಎಣ್ಣೆಯಿಲ್ಲದ ಹೊಸ ಪಂಪು ಕೂರಿಸಿ ಎಂಟು ತಿಂಗಳಾಗಿತ್ತು.

ಶನಿವಾರ ಮನೆಯಲ್ಲಿ ಊಟವಾದ ಮೇಲೆ ಅವರು ಕೈಗೆ ಕ್ರೀಮ್ ಹಚ್ಚಿಕೊಳ್ಳುತ್ತಿದ್ದರು. ದಿನಕ್ಕೆ ಮೂವತ್ತು ಸಲ ಸ್ಪಿರಿಟ್ಟಿನಲ್ಲಿ ತೊಳೆದ ಕೈ, ಚಳಿಗಾಲ ಬಂತೆಂದರೆ ಬೆರಳ ಸಂದಿಯಲ್ಲೆಲ್ಲ ಬಿರಿದು ರಕ್ತ ಜಿನುಗುತ್ತಿತ್ತು. ಹೆಂಡತಿ ನೋಡಲಾರದೆ ಒಂದು ಟ್ಯೂಬು ತಂದುಕೊಟ್ಟಿದ್ದಳು. ಮೊದಲನೆಯದು ತಂದದ್ದು ಎರಡು ವರ್ಷದ ಹಿಂದೆ, ಇದು ಮೂರನೆಯ ಚಳಿಗಾಲದ ಟ್ಯೂಬು. ಸುಮ್ಮನೆ ಕೈಗೆ ಸಿಕ್ಕಿದ್ದಕ್ಕೆ ಅದರ ಬೆನ್ನು ತಿರುಗಿಸಿ ಇರುವೆ ಸಾಲಿನಂಥ ಅಕ್ಷರ ಓದಿದರು. ನಾಲ್ಕನೆಯ ಸಾಲಿನಲ್ಲಿ ಸಿಲಿಕೋನ್ ಇತ್ತು. ಚಾಚಿದ್ದ ಬೆರಳು ಚಾಚಿದ ಹಾಗೆಯೇ ನಿಂತಿತು.

ಭಾನುವಾರ ಮೂರು ಹೊಸ ತಾಮ್ರದ ಚೂರು ತೆಗೆದುಕೊಂಡರು. ಮೊದಲನೆಯದನ್ನು ಬರೀ ಚಿಮುಟದಲ್ಲಿ ಹಿಡಿದು ಇಳಿಸಿದರು, ಗೆರೆ ಚೊಕ್ಕಟ. ಎರಡನೆಯದನ್ನು ಕೈ ತೊಳೆದು, ಗ್ಲೌಸ್ ಹಾಕಿ ಹಿಡಿದರು, ಅದೂ ಚೊಕ್ಕಟ. ಮೂರನೆಯದಕ್ಕೆ ತಾವು ಯಾವಾಗಲೂ ಮಾಡುವ ಹಾಗೆಯೇ ಮಾಡಿದರು. ಕ್ರೀಮ್ ಹಚ್ಚಿ, ಅದು ಒಣಗಿತು ಅನ್ನಿಸಿದ ಮೇಲೆ, ಬಲಗೈಗೆ ಗ್ಲೌಸ್ ಏರಿಸಿ, ಒಂದೊಂದು ಬೆರಳ ತುದಿಯನ್ನೂ ಬರಿಯ ಎಡಗೈಯಿಂದ ಎಳೆದು ಬಿಗಿ ಮಾಡಿಕೊಂಡರು. ಕ್ರೀಮಿನ ಎಡಗೈ ಗ್ಲೌಸಿನ ಹೊರಮೈಯನ್ನೇ ಸವರುತ್ತಿದೆ ಅಂತ ಎಳೆಯುತ್ತಿರುವಾಗಲೇ ಅವರಿಗೆ ಗೊತ್ತಾಗಿಹೋಯಿತು. ಹದಿನೇಳು ನಿಯಮ ಬರೆದವರು ಗ್ಲೌಸನ್ನು ಹೇಗೆ ಹಾಕಿಕೊಳ್ಳಬೇಕು ಅಂತ ಒಂದು ಸಾಲೂ ಬರೆದಿರಲಿಲ್ಲ.

ಸಿಲಿಕೋನ್ ತೆವಳುವ ಜಾತಿ. ಹಿಡಿಕೆಗೆ ತುಸು ತಾಗಿದರೆ ಸಾಕು, ಅಲ್ಲಿಂದ ಲೋಹದ ಮೇಲಕ್ಕೆ ಹರಿದು ಒಂದು ಪದರವಾಗಿ ಮಲಗುತ್ತದೆ. ಎಕ್ಸ್-ರೇಗೆ ಅದು ಲೆಕ್ಕಕ್ಕಿಲ್ಲ. ಅತ್ತೆಮ್ಮನ ಕಣ್ಣಿಗೆ ಅದರ ಹೊರತು ಬೇರೇನೂ ಕಾಣುವುದಿಲ್ಲ. ಅರ್ಧ ಗಂಟೆಯಲ್ಲಿ ಉಬ್ಬು ಎದ್ದಿತು. ಮೇಷ್ಟ್ರು ಎರಡು ವರ್ಷದ ಹಿಂದಿನ ಗೆರೆಯ ಹಾಳೆ ತಂದು ಹೊಸದರ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಪಾತ್ರೆಗೆ ಅದರದೇ ಮುಚ್ಚಳ ಕೂತ ಹಾಗೆ ಕೂತಿತು.

ಹಳೆಯ ಹಾಳೆಯಲ್ಲಿ ಇನ್ನೊಂದು ಸಂಗತಿಯಿತ್ತು. ಉಬ್ಬಿನ ಪಕ್ಕ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಆಮೇಲೆ ರಬ್ಬರಿನಿಂದ ಉಜ್ಜಿದ ಗುರುತು. ಅದು ತಮ್ಮದೇ ಕೈಬರಹ. ಪಂಪಿನ ಎಣ್ಣೆಯ ಉಬ್ಬು ನಿಜವಾಗಿ ಏಳಬೇಕಾದದ್ದು ಅಲ್ಲಲ್ಲ, ಅರ್ಧ ಬೆರಳಷ್ಟು ಆಚೆಗೆ. ಅದು ಅವರಿಗೆ ಆವತ್ತೂ ಕಂಡಿತ್ತು. ಎಣ್ಣೆ ಹಳೆಯದಾಗಿದೆ, ಅದಕ್ಕೇ ಜರುಗಿದೆ ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡು ಚಿಹ್ನೆ ಅಳಿಸಿದ್ದರು. ತಪ್ಪು ಮಾಡುವುದು ಬೇರೆ, ತಪ್ಪಿರಬಹುದು ಅಂತ ಕಂಡೂ ಉಜ್ಜಿಹಾಕುವುದು ಬೇರೆ. ಮೇಷ್ಟ್ರಿಗೆ ಎಂಥ ನಾಚಿಕೆಯಾಯಿತೆಂದರೆ, ಖಾಲಿ ಕೋಣೆಯಲ್ಲಿ ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದರು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಕರೆಂಟು ಹೋದರೆ ಎಣ್ಣೆಯ ಪಂಪು ನಿಲ್ಲುತ್ತದೆ. ಪಂಪಿಗೂ ಹಂಡೆಗೂ ನಡುವಿನ ವಾಲ್ವನ್ನು ತಕ್ಷಣ ಮುಚ್ಚದಿದ್ದರೆ ಎಣ್ಣೆಯ ಆವಿ ಹಂಡೆಗೆ ನುಗ್ಗುತ್ತದೆ. ಆ ಹೊತ್ತಿನಲ್ಲಿ ಅಲ್ಲಿದ್ದವನು ಪಂಪಣ್ಣ ಒಬ್ಬನೇ. ಮರುದಿನ ಉಬ್ಬು ಕಂಡಿತು. ಆಮೇಲೆ ತೊಳೆದರು, ಕಾಯಿಸಿದರು, ಏನು ಮಾಡಿದರೂ ಚಳಿಗಾಲ ಮುಗಿಯುವವರೆಗೆ ಅದು ಹೋಗಲಿಲ್ಲ. ಅಷ್ಟರಲ್ಲಿ ಬೇರೊಂದು ಊರಿನವರು ಅದೇ ಕೆಲಸ ಮುಗಿಸಿ ಪ್ರಕಟಿಸಿಯೂ ಬಿಟ್ಟರು. ಮೇಷ್ಟ್ರು ಸಿಟ್ಟಿನಲ್ಲಿ ಸಭೆ ಕರೆದರು. ಹನ್ನೊಂದು ಜನರ ಸಭೆಯಲ್ಲಿ ಪಂಪಣ್ಣನನ್ನು ನಿಲ್ಲಿಸಿ, ವಾಲ್ವ್ ಮುಚ್ಚಿದ್ದಿರಾ ಅಂತ ಕೇಳಿದರು. ಮುಚ್ಚಿದ್ದೆ ಸರ್ ಅಂದ ಪಂಪಣ್ಣ.

"ಹಾಗಾದ್ರೆ ಅತ್ತೆಮ್ಮ ಸುಳ್ಳು ಹೇಳ್ತಿದಾಳಾ?" ಅಂದಿದ್ದರು ಮೇಷ್ಟ್ರು.

ಕೆಲವರು ನಕ್ಕಿದ್ದರು. ಪಂಪಣ್ಣ ಗೋಡೆ ನೋಡಿದ್ದ. ಮೂರು ದಿನವಾದ ಮೇಲೆ ತಾನಾಗಿಯೇ ಬಂದು, "ಇರಬಹುದು ಸರ್. ಮರೆತಿರಬಹುದು" ಅಂದ. ಅಲ್ಲಿಗೆ ಮೇಷ್ಟ್ರಿಗೆ ಗೆದ್ದ ಹಾಗಾಯಿತು. ಅವನ ಫೈಲಿನಲ್ಲಿ ನಿರ್ಲಕ್ಷ್ಯ ಅಂತ ಬರೆದರು. ಪಂಪಿನ ಹೊಟ್ಟೆಗೆ ಸ್ಕ್ರೂಡ್ರೈವರ್ ಊರಿ, ಅದರ ಹಿಡಿಗೆ ಕಿವಿಯಿಟ್ಟು, ಯಾವ ಬೇರಿಂಗ್ ಇನ್ನೆಷ್ಟು ದಿನ ಬಾಳುತ್ತದೆ ಅಂತ ಹೇಳಬಲ್ಲವನನ್ನು ಹಿತ್ತಲ ಕಂಪ್ರೆಸರ್ ಮನೆಗೆ ಹಾಕಿದರು. ಅಲ್ಲಿ ದಿನಕ್ಕೆರಡು ಸಲ ನೀರು ಬಸಿದು ಬೀಗ ಹಾಕುವುದು ಬಿಟ್ಟರೆ ಕೆಲಸವಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಓಡಿಸಿದ ಹಾಗೆ ಅನ್ನುತ್ತಾರಲ್ಲ, ಇಲ್ಲಿ ಪಕ್ಕದೆಲೆಯಲ್ಲಿ ನೊಣವೂ ಇರಲಿಲ್ಲ.

ಬರುವ ಶುಕ್ರವಾರ ಪಂಪಣ್ಣನಿಗೆ ನಿವೃತ್ತಿ. ಮೇಷ್ಟ್ರ ಕೈಯಲ್ಲಿದ್ದದ್ದು ಐದು ದಿನ.

ಸೋಮವಾರ ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಕಂಪ್ರೆಸರ್ ಮನೆಗೆ ಹೋದರು. ಪಂಪಣ್ಣ ಎದ್ದು ಸ್ಟೂಲು ಒರೆಸಿ ಕೊಟ್ಟ. ಎರಡು ವರ್ಷದಲ್ಲಿ ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಗೋಡೆಗೆ ಸ್ಪ್ಯಾನರುಗಳು ಅಳತೆಯ ಪ್ರಕಾರ ನೇತಾಡುತ್ತಿದ್ದವು. ಪ್ರತಿ ವಾಲ್ವಿನ ಪಕ್ಕ ಒಂದು ರಟ್ಟು, ರಟ್ಟಿನಲ್ಲಿ ತಾರೀಕು, ಹೊತ್ತು, ಮುಚ್ಚಿದೆ ಅಂತ ಬರೆದು ಸಹಿ, ಮತ್ತೆ ಹತ್ತು ನಿಮಿಷ ಬಿಟ್ಟು ಇನ್ನೊಂದು ಸಹಿ. ಇಂಥ ನಿಯಮ ಮೇಷ್ಟ್ರು ಮಾಡಿರಲಿಲ್ಲ. ಹೇಳಲು ಬಂದದ್ದನ್ನು ಪಕ್ಕಕ್ಕಿಟ್ಟರು. ಕಂಪ್ರೆಸರಿಗೆ ಎಷ್ಟು ವರ್ಷವಾಯಿತು ಅಂತ ಕೇಳಿದರು. ಇಪ್ಪತ್ತೆರಡು ಅಂದ. ಮಗಳಿಗೆ ಮಕ್ಕಳೆಷ್ಟು ಅಂತ ಕೇಳಿದರು. ಒಬ್ಬಳು ಮೊಮ್ಮಗಳು, ಒಂದೂವರೆ ವರ್ಷ ಅಂದ. ಇನ್ನು ದಿನವೆಲ್ಲ ಮೊಮ್ಮಗಳ ಜೊತೆಯೇ ಆಟ ಅಂತ ಮೇಷ್ಟ್ರು ನಗಲು ನೋಡಿದರು. ಪಂಪಣ್ಣ ತಿರುಗಿ ಬೀಗದ ಕೀಲಿ ಕೈಗೆ ತೆಗೆದುಕೊಂಡ.

ಊಟದ ಹೊತ್ತಾಗಿತ್ತು, ಇಬ್ಬರೂ ಹೊರಗೆ ಬಂದರು. ಪಂಪಣ್ಣ ಬೀಗ ಹಾಕಿ ಜಗ್ಗಿ ನೋಡಿದ. ನಾಲ್ಕು ಹೆಜ್ಜೆ ನಡೆದು, ನಿಂತು, ವಾಪಸ್ ಹೋಗಿ ಮತ್ತೆ ಜಗ್ಗಿ ನೋಡಿದ. ವಯಸ್ಸಾಯಿತು ಪಾಪ ಅಂದುಕೊಂಡರು ಮೇಷ್ಟ್ರು.

ಬುಧವಾರ ನಿರ್ದೇಶಕಿಯ ಕೋಣೆಗೆ ಹೋಗಿ ಮೂರೂ ಗೆರೆಗಳನ್ನು ಮುಂದಿಟ್ಟರು. ಆಕೆ ಬುದ್ಧಿವಂತೆ, ಒಳ್ಳೆಯ ಹೆಂಗಸೂ ಹೌದು. ಇನ್ನೆರಡು ದಿನದಲ್ಲಿ ಹೋಗುವವರ ಮನಸ್ಸು ಯಾಕೆ ಕದಡುವುದು, ನೀವೊಂದು ಪತ್ರ ಬರೆದುಕೊಡಿ, ಫೈಲಿನಲ್ಲಿ ಹಾಕಿ ಹಳೆಯ ಮಾತು ಹೊಡೆದುಹಾಕಿಸುತ್ತೇನೆ, ನಿಮ್ಮ ಹೆಸರಿಗೂ ಧಕ್ಕೆಯಿಲ್ಲ ಅಂದಳು. ಮೇಷ್ಟ್ರಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅಲ್ಲೇ ಕೂತು ಪತ್ರ ಬರೆದರು. ಮನೆಗೆ ಹೋಗುವಾಗ ದಾರಿಯಲ್ಲಿ ಸಣ್ಣಗೆ ಸಿಳ್ಳೆ ಹಾಕಿದ್ದೂ ಉಂಟು.

ಹೆಂಡತಿಗೆ ಎಲ್ಲ ಹೇಳಿದರು. ಅವಳು ಬಟ್ಟೆ ಮಡಚುತ್ತಾ ಕೇಳಿದಳು. ಮೊದಲು, ಆ ಹಾಳು ಟ್ಯೂಬು ತಂದವಳು ನಾನೇ ಅಲ್ಲವಾ ಅಂತ ಪೇಚಾಡಿದಳು. ಆಮೇಲೆ ಅವಳ ಕೈ ನಿಂತಿತು.

"ಅವರನ್ನ ಅಂದಿದ್ದು ಎಲ್ಲಿ?"

"ಸಭೆಯಲ್ಲಿ."

"ಎಷ್ಟು ಜನ ಇದ್ರು?"

ಹನ್ನೊಂದು ಅಂದರು ಮೇಷ್ಟ್ರು.

"ಅಂದಿದ್ದು ಹನ್ನೊಂದು ಜನರ ಮುಂದೆ. ತಪ್ಪಾಯ್ತು ಅನ್ನೋದು ಫೈಲಿನ ಮುಂದೆನಾ?"

ಅಷ್ಟು ಹೇಳಿ ಅವಳು ಮತ್ತೆ ಮಡಚತೊಡಗಿದಳು. ಮೇಷ್ಟ್ರು ಸಿಟ್ಟು ಮಾಡಿಕೊಂಡರು. ನಿನಗೆ ಆಫೀಸಿನ ವಿಷಯ ಅರ್ಥವಾಗುವುದಿಲ್ಲ ಅಂದರು, ನಿರ್ದೇಶಕಿಯೇ ಹಾಗೆ ಹೇಳಿದ್ದಾಳೆ ಅಂದರು, ಅವನೇ ಮರೆತಿರಬಹುದು ಅಂತ ಒಪ್ಪಿಕೊಂಡಿದ್ದ ಅಂತಲೂ ಅಂದರು. ಆ ಕೊನೆಯ ಮಾತು ಬಾಯಿಂದ ಹೊರಬಿದ್ದ ಮೇಲೆ ಅವರಿಗೇ ಕೇಳಿಸಿತು. ಮುಚ್ಚಿದ ವಾಲ್ವನ್ನು ಮುಚ್ಚಿಲ್ಲ ಅಂತ ಅವನು ಯಾಕೆ ಒಪ್ಪಿಕೊಂಡ? ಎರಡು ವರ್ಷ ಈ ಒಪ್ಪಿಗೆಯ ಮೇಲೆ ನೆಮ್ಮದಿಯಾಗಿ ಮಲಗಿದ್ದವರಿಗೆ ಈಗ ಅದೇ ಹಾಸಿಗೆಯಲ್ಲಿ ಮುಳ್ಳಾಯಿತು.

ಶುಕ್ರವಾರ ಮೂರು ಗಂಟೆಗೆ ಸಭೆಯ ಕೋಣೆಯಲ್ಲಿ ಬೀಳ್ಕೊಡುಗೆ. ನಲವತ್ತು ಜನ ಸೇರಿದ್ದರು. ಪಂಪಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಕುರ್ಚಿಯಲ್ಲಿ ಕೂತಿದ್ದ, ಪಕ್ಕದಲ್ಲಿ ಅವನ ಹೆಂಡತಿ. ಆಕೆಗೆ ಕಿವಿ ಮಂದ. ಯಾರು ಏನು ಹೇಳಿದರೂ ಗಂಡನ ಮುಖ ನೋಡಿ, ಅವನು ನಕ್ಕರೆ ತಾನೂ ನಗುತ್ತಿದ್ದಳು. ನಿರ್ದೇಶಕಿ ನಾಲ್ಕು ಒಳ್ಳೆಯ ಮಾತಾಡಿ, ಪಂಪಣ್ಣನ ಹಳೆಯ ಗೆಳೆಯರು ಅಂತ ಮೇಷ್ಟ್ರನ್ನು ಕರೆದಳು. ಗೆಳೆಯರು ಅನ್ನುವ ಮಾತಿಗೇ ಮೇಷ್ಟ್ರ ಕಿವಿ ಬಿಸಿಯಾಯಿತು.

ಅವರು ಎದ್ದು ನಿಂತು ಅತ್ತೆಮ್ಮನನ್ನು ಕಟ್ಟಿದ ಕತೆ ಶುರು ಮಾಡಿದರು. ಹೆಸರಿಟ್ಟ ಪ್ರಸಂಗ ಹೇಳಿದರು, ಜನ ನಕ್ಕರು. ಹಾಗೇ ನಗಿಸಿಕೊಂಡು ಹೋಗಿ ಕೂತುಬಿಡಬಹುದು ಅನ್ನುವ ಆಸೆ ಆ ಘಳಿಗೆಯಲ್ಲೂ ಇಣುಕಿತು. ಪಂಪಣ್ಣನ ಹೆಂಡತಿ ಗಂಡನ ಮುಖ ನೋಡುತ್ತಿದ್ದಳು. ಮೇಷ್ಟ್ರು ಜೇಬಿನಿಂದ ಕ್ರೀಮಿನ ಟ್ಯೂಬು ತೆಗೆದು ಮೇಜಿನ ಮೇಲಿಟ್ಟರು.

ಎರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ ನಾನೊಂದು ಮಾತು ಕೇಳಿದ್ದೆ, ಅತ್ತೆಮ್ಮ ಸುಳ್ಳು ಹೇಳುತ್ತಾಳಾ ಅಂತ, ಅಂದರು. ಅತ್ತೆಮ್ಮ ಸುಳ್ಳು ಹೇಳಿರಲಿಲ್ಲ, ಆಕೆ ತೋರಿಸಿದ್ದು ನನ್ನ ಕೈಯ ಕೊಳೆಯನ್ನು, ನಾನು ಅದಕ್ಕೆ ಪಂಪಣ್ಣನ ಹೆಸರು ಬರೆದೆ, ಅಂದರು. ಟ್ಯೂಬು, ಗ್ಲೌಸು, ಮೂರು ತಾಮ್ರದ ಚೂರು, ಎಲ್ಲ ಹೇಳಿದರು. ಪ್ರಶ್ನಾರ್ಥಕ ಚಿಹ್ನೆಯನ್ನು ಉಜ್ಜಿದ್ದು ಹೇಳುವಾಗ ದನಿ ಇಳಿದುಹೋಯಿತು, ಆದರೂ ಹೇಳಿದರು. ನಿರ್ದೇಶಕಿ ಮಧ್ಯೆ ಬಂದು, ವಿಜ್ಞಾನದಲ್ಲಿ ಇಂಥವೆಲ್ಲ ಆಗುತ್ತವೆ ಅಂತ ಏನೋ ಹೇಳಹೋದಳು. ಅಷ್ಟರಲ್ಲಿ ಪಂಪಣ್ಣ ಎದ್ದು ನಿಂತಿದ್ದ.

"ವಾಲ್ವ್ ಮುಚ್ಚಿತ್ತಾ ಸರ್?"

"ಮುಚ್ಚಿತ್ತು ಪಂಪಣ್ಣ. ನೀವು ಮುಚ್ಚಿದ್ರಿ."

ಪಂಪಣ್ಣ ಟ್ಯೂಬನ್ನು ಕೈಗೆತ್ತಿಕೊಂಡು ನೋಡಿ ವಾಪಸ್ ಇಟ್ಟ. ಆಮೇಲೆ, ಮೇಷ್ಟ್ರೊಬ್ಬರಿಗೇ ಹೇಳುವ ಹಾಗೆ, ಮೆಲ್ಲಗೆ ಹೇಳಿದ.

"ಆವತ್ತು ಮುಚ್ಚಿದ್ದು ನನಗೆ ಚೆನ್ನಾಗಿ ಜ್ಞಾಪಕ ಇತ್ತು ಸರ್. ಹಿಡಿ ತಣ್ಣಗಿತ್ತು, ಅದೂ ಜ್ಞಾಪಕ ಇತ್ತು. ಆದ್ರೆ ನೀವು ಸುಮ್ಸುಮ್ನೆ ಹೇಳೋರಲ್ಲ. ಹದಿನಾರು ವರ್ಷ ನೋಡಿದ್ದೆ ನಿಮ್ಮನ್ನ. ಅಂದ್ಮೇಲೆ ನನ್ನ ಜ್ಞಾಪಕಾನೇ ಕೆಟ್ಟಿರಬೇಕು ಅಂದ್ಕೊಂಡೆ. ಮಗಳು ಮಗೂನ ನನ್ನ ಹತ್ರ ಬಿಟ್ಟು ಹೋಗ್ತೀನಿ ಅಂತಾಳೆ. ನಾನು ಒಂದ್ಸಲಾನೂ ಒಪ್ಪಿಲ್ಲ. ಬಾಗಿಲು ಹಾಕಿದೀನಿ ಅಂದ್ಕೊಂಡು ತೆಗೆದೇ ಬಿಟ್ಟಿದ್ರೆ? ಎತ್ತಿಕೊಳ್ಳೋದಾದ್ರೂ ಇವಳು ಪಕ್ಕದಲ್ಲಿದ್ರೆ ಮಾತ್ರ."

ಮೇಷ್ಟ್ರು ಬೈಗುಳಕ್ಕೆ ತಯಾರಾಗಿ ಬಂದಿದ್ದರು. ಕ್ಷಮಿಸಿದೆ ಅಂತ ಅಂದರೆ ಏನು ಹೇಳಬೇಕು ಅನ್ನುವುದನ್ನೂ ದಾರಿಯಲ್ಲಿ ಯೋಚಿಸಿಕೊಂಡಿದ್ದರು. ಕಂಪ್ರೆಸರ್ ಮನೆಯ ರಟ್ಟುಗಳು, ಹತ್ತು ನಿಮಿಷ ಬಿಟ್ಟು ಹಾಕಿದ ಎರಡನೆಯ ಸಹಿ ಕಣ್ಣ ಮುಂದೆ ಬಂದವು. ತಾವು ಕಳೆದದ್ದು ಒಬ್ಬ ಮನುಷ್ಯನ ಹೆಸರನ್ನು ಅಂತ ತಿಳಿದುಕೊಂಡಿದ್ದರು. ಅವನಿಗೆ ತನ್ನ ಮೇಲೇ ಇದ್ದ ನಂಬಿಕೆಯನ್ನು ಕಿತ್ತುಕೊಂಡಿದ್ದೇನೆ ಅಂತ ಈಗ ತಿಳಿಯಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಇವಳಿಗೆ ಕಿವಿ ಕೇಳಿಸಲ್ಲ ಸರ್," ಅಂದ ಪಂಪಣ್ಣ. "ಸ್ವಲ್ಪ ಗಟ್ಟಿಯಾಗಿ ಇನ್ನೊಂದ್ಸಲ ಹೇಳಿ."

ಮೇಷ್ಟ್ರು ಆಕೆಯ ಎದುರಿಗೆ ಹೋಗಿ ಬಾಗಿ ನಿಂತರು. ವಾಲ್ವ್ ಮುಚ್ಚಿತ್ತು, ನಿಮ್ಮ ಯಜಮಾನರು ಮರೆತಿರಲಿಲ್ಲ, ತಪ್ಪು ನನ್ನದು ಅಂದರು. ಆಕೆ ಕೈಯನ್ನು ಕಿವಿಗೆ ಆನಿಸಿ, ಆಂ ಅಂದಳು. ಮೇಷ್ಟ್ರು ಇನ್ನೂ ಗಟ್ಟಿಯಾಗಿ ಹೇಳಿದರು. ಆಗಲೂ ಆಕೆಗೆ ಸರಿಯಾಗಿ ಮುಟ್ಟಲಿಲ್ಲ. ಮೂರನೆಯ ಸಲ, ಕಾರಿಡಾರಿನ ಆಚೆಯ ಕೋಣೆಗಳಿಗೂ ಕೇಳಿಸುವ ಹಾಗೆ, ಹದಿನೇಳು ನಿಯಮದ ಮೇಷ್ಟ್ರು ಕಿರುಚಿ ಹೇಳಬೇಕಾಯಿತು. ಆಕೆಯ ಮುಖ ಅರಳಿತು. ಗಂಡನ ಕಡೆ ತಿರುಗಿ, "ನಾನು ಹೇಳ್ಲಿಲ್ವಾ? ನೀವು ಯಾವತ್ತು ಏನನ್ನ ಮರ್ತಿದೀರಿ?" ಅಂದಳು. ಅವಳ ದನಿಯೂ ದೊಡ್ಡದು, ಎಲ್ಲರಿಗೂ ಕೇಳಿಸಿತು.

ಪಂಪಣ್ಣ ಮೇಷ್ಟ್ರನ್ನು ಬೈಯಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಕೊಟ್ಟ ಹೂಗುಚ್ಛ ತೆಗೆದುಕೊಂಡ, ಎಲ್ಲರಿಗೂ ಕೈ ಮುಗಿದ.

ಸಂಜೆ ಐದಕ್ಕೆ ಮೇಷ್ಟ್ರು ಪ್ರಯೋಗಾಲಯದ ಕಿಟಕಿಯಲ್ಲಿ ನಿಂತಿದ್ದರು. ಬಾಗಿಲ ಮೇಲಿನ ಹಾಳೆಯನ್ನು ಕಿತ್ತು ಕೈಯಲ್ಲಿ ಹಿಡಿದಿದ್ದರು, ಹದಿನೆಂಟನೆಯ ನಿಯಮ ಬರೆಯಬೇಕಾಗಿತ್ತು, ಪೆನ್ನು ಓಡುತ್ತಿರಲಿಲ್ಲ. ಕೆಳಗೆ ಹಿತ್ತಲಲ್ಲಿ ಪಂಪಣ್ಣ ಕಂಪ್ರೆಸರ್ ಮನೆಗೆ ಕೊನೆಯ ಸಲ ಬೀಗ ಹಾಕಿ, ಕೀಲಿಯನ್ನು ಕಾವಲುಗಾರನ ಕೈಗಿಟ್ಟು, ಹೆಂಡತಿಯ ಜೊತೆ ಗೇಟಿನ ಕಡೆ ಹೊರಟ. ಒಂದು ಹೆಜ್ಜೆ, ಎರಡು, ಮೂರು, ನಾಲ್ಕು. ಅಲ್ಲಿ ನಿಂತ. ಮೇಷ್ಟ್ರು ಕಿಟಕಿಯ ಸರಳು ಹಿಡಿದುಕೊಂಡು, ಹೋಗು ಮಾರಾಯ, ಹೋಗು, ಅಂತ ಮನಸ್ಸಿನಲ್ಲೇ ಅಂದರು. ಹೆಂಡತಿ ಅವನ ತೋಳು ಹಿಡಿದು ಏನೋ ಹೇಳಿದಳು. ಅವನು ತಲೆಯಾಡಿಸಿದ, ಹೂಗುಚ್ಛವನ್ನು ಅವಳಿಗೆ ಕೊಟ್ಟು ವಾಪಸ್ ಬಂದು ಬೀಗ ಜಗ್ಗಿ ನೋಡಿದ.

ಬೀಗ ಸರಿಯಾಗಿಯೇ ಬಿದ್ದಿತ್ತು.